ಸಾಕ್ಷ್ಯಚಿತ್ರಗಳಿಗೆ ಇಷ್ಟೊಂದು ಅಬ್ಬರ ಎಲ್ಲಿಂದ ಬಂತು?

ರಾತ್ರಿಯ ನಗರದ ಮೇಲೆ ಡ್ರೋನ್ ತೇಲಿ ಸಾಗುತ್ತದೆ. ಎದೆಯಲ್ಲಿ ಗುಂಯ್‌ಗುಡುವ ಕೆಳದನಿಯೊಂದು ನಿಧಾನವಾಗಿ ಏಳುತ್ತದೆ. ಖಾಲಿ ಕುರ್ಚಿಯ ಮೇಲೆ ಬೆಳಕು ಬಿದ್ದಿದೆ. ಒಬ್ಬರು ಬಂದು ಕೂರುತ್ತಾರೆ, ಅವರ ಕಾಲರಿಗೆ ಮೈಕು ಸಿಕ್ಕಿಸುತ್ತಾರೆ, ಅವರು ಒಮ್ಮೆ ನಿಟ್ಟುಸಿರು ಬಿಟ್ಟು ‘ಅವತ್ತು ಏನಾಯಿತೆಂದರೆ...’ ಎನ್ನುವಷ್ಟರಲ್ಲಿ ಪರದೆ ಕಪ್ಪಾಗಿ, ಧಡ್ ಎಂಬ ಸದ್ದಿನೊಡನೆ ಶೀರ್ಷಿಕೆ ಮೂಡುತ್ತದೆ. ವಿಷಯ ಕೊಲೆಯಾಗಿರಬಹುದು, ವಿಮಾನಾಪಘಾತವಾಗಿರಬಹುದು, ಈಜಿಪ್ಟಿನ ಗೋರಿಯಾಗಿರಬಹುದು, ಜೇನುನೊಣದ ಸಂಸಾರವೇ ಆಗಿರಬಹುದು. ಆರಂಭ ಮಾತ್ರ ಹೆಚ್ಚುಕಡಿಮೆ ಇದೇ.

ಇದರಿಂದ ಬೇಸತ್ತವರು ಸಾಮಾನ್ಯವಾಗಿ ಎರಡು ಕಾರಣ ಹೇಳುತ್ತಾರೆ: ನೋಡುವವರಿಗೆ ತಾಳ್ಮೆಯಿಲ್ಲ, ಮಾಡುವವರಿಗೆ ಅಭಿರುಚಿಯಿಲ್ಲ. ಎರಡರಲ್ಲೂ ಸ್ವಲ್ಪ ಹುರುಳಿದೆ. ಆದರೆ ಈ ಶೈಲಿ ಬರೀ ಅಭಿರುಚಿಯ ಮಾತಲ್ಲ. ಅದರ ಒಂದೊಂದು ಅಂಗವೂ ಒಂದೊಂದು ವ್ಯಾವಹಾರಿಕ ಅಗತ್ಯದಿಂದ ಹುಟ್ಟಿದ್ದು, ಅಗತ್ಯ ಮುಗಿದ ಮೇಲೂ ಅಭ್ಯಾಸವಾಗಿ ಉಳಿದುಕೊಂಡದ್ದು. ಬಿಡಿಸಿ ನೋಡಿದರೆ, ವಿಷಯದೊಳಗಿಂದಲೇ ಬಂದ ನಾಟಕೀಯತೆ ಯಾವುದು, ಮೇಲಿನಿಂದ ಸುರಿದದ್ದು ಯಾವುದು ಎಂದು ಬೇರ್ಪಡಿಸುವುದು ಅಷ್ಟೇನೂ ಕಷ್ಟವಲ್ಲ.

ಕನ್ನಡದಲ್ಲಿ ನಾವು ಈ ಪ್ರಕಾರಕ್ಕೆ ‘ಸಾಕ್ಷ್ಯಚಿತ್ರ’ ಎಂದು ಹೆಸರಿಟ್ಟಿದ್ದೇವೆ. ‘ಡಾಕ್ಯುಮೆಂಟರಿ’ಯಲ್ಲಿ ದಾಖಲೆಯ ವಾಸನೆಯಿದ್ದರೆ, ನಮ್ಮ ಪದ ಸಾಕ್ಷಿಯನ್ನೇ ಕಟಕಟೆಗೆ ತಂದು ನಿಲ್ಲಿಸುತ್ತದೆ. ಇಂಗ್ಲಿಷ್ ಪದವನ್ನು 1926ರಲ್ಲಿ ಒಂದು ವಿಮರ್ಶೆಯಲ್ಲಿ ಬಳಸಿ ಚಲಾವಣೆಗೆ ತಂದ ಸ್ಕಾಟ್ಲೆಂಡಿನ ಜಾನ್ ಗ್ರಿಯರ್‌ಸನ್ ಅವರೇ ಮುಂದೆ ಅದನ್ನು ವಾಸ್ತವದ ಸೃಜನಶೀಲ ನಿರೂಪಣೆ ಎಂದು ವಿವರಿಸಿದರು. ವಾಸ್ತವವೂ ಬೇಕು, ಸೃಜನಶೀಲತೆಯೂ ಬೇಕು ಎಂಬ ಈ ಮಾತಿನಲ್ಲೇ ಮುಂದಿನ ನೂರು ವರ್ಷಗಳ ಜಗಳ ಅಡಗಿತ್ತು.

ಹಾಗಾಗಿ, ಹಿಂದಿನ ಸಾಕ್ಷ್ಯಚಿತ್ರಗಳೆಲ್ಲ ಸತ್ಯಸಂಧವಾಗಿದ್ದವು, ಈಗಿನವು ಕೆಟ್ಟುಹೋದವು ಎಂದು ಹೇಳುವಂತಿಲ್ಲ. 1922ರಲ್ಲಿ ತೆರೆಕಂಡ ರಾಬರ್ಟ್ ಫ್ಲಾಹರ್ಟಿಯವರ ‘ನಾನೂಕ್ ಆಫ್ ದಿ ನಾರ್ತ್’ ಈ ಪ್ರಕಾರದ ಆದಿಕೃತಿಗಳಲ್ಲೊಂದು. ಕೆನಡಾದ ಉತ್ತರದ ಇನೂಯಿಟ್ ಕುಟುಂಬವೊಂದರ ಬದುಕನ್ನು ಅದು ತೋರಿಸುತ್ತದೆ. ನಾಯಕನ ನಿಜವಾದ ಹೆಸರು ನಾನೂಕ್ ಅಲ್ಲ, ಅಲ್ಲಾಕಾರಿಯಲ್ಲಾಕ್. ಆ ಹೊತ್ತಿಗೆ ಅಲ್ಲಿನವರು ಬಂದೂಕು ಬಳಸುತ್ತಿದ್ದರೂ, ಚಿತ್ರಕ್ಕಾಗಿ ಅಜ್ಜಂದಿರ ಕಾಲದ ಈಟಿಯಿಂದ ವಾಲ್ರಸ್ ಬೇಟೆ ನಡೆಯಿತು. ಹಿಮದ ಗುಡಿಸಿಲಿನ ಒಳಗೆ ಕ್ಯಾಮೆರಾ ಹಿಡಿಸುವಷ್ಟು ಜಾಗವೂ ಇರಲಿಲ್ಲ, ಚಿತ್ರೀಕರಣಕ್ಕೆ ಬೇಕಾದ ಬೆಳಕೂ ಇರಲಿಲ್ಲ. ಆದ್ದರಿಂದ ಅರ್ಧ ಭಾಗ ತೆರೆದೇ ಇದ್ದ ದೊಡ್ಡ ಗುಡಿಸಿಲನ್ನು ಕಟ್ಟಿಸಿ, ಕುಟುಂಬವನ್ನು ಅದರಲ್ಲಿ ಮಲಗಿಸಿ ಏಳಿಸಲಾಯಿತು.

ಇನ್ನೂ ಘೋರವಾದ ಉದಾಹರಣೆ ಡಿಸ್ನಿ ಸಂಸ್ಥೆಯ 1958ರ ‘ವೈಟ್ ವೈಲ್ಡರ್‌ನೆಸ್’. ಲೆಮಿಂಗ್ ಎಂಬ ಇಲಿಯಂಥ ಪುಟ್ಟ ಪ್ರಾಣಿಗಳು ಹಿಂಡುಹಿಂಡಾಗಿ ಬಂಡೆಯ ತುದಿಗೆ ಓಡಿ ಆರ್ಕ್ಟಿಕ್ ಸಮುದ್ರಕ್ಕೆ ಹಾರುವ ದೃಶ್ಯ ಅದರಲ್ಲಿದೆ. ಅದನ್ನು ಚಿತ್ರಿಸಿದ್ದು ಕೆನಡಾದ ಆಲ್ಬರ್ಟಾದಲ್ಲಿ. ಆ ಪ್ರಾಂತ್ಯಕ್ಕೆ ಸಮುದ್ರವೇ ಇಲ್ಲ, ಲೆಮಿಂಗ್‌ಗಳನ್ನು ಬೇರೆ ಪ್ರಾಂತ್ಯದ ಮಕ್ಕಳಿಂದ ಕೊಂಡು ತರಲಾಗಿತ್ತು. ಹಿಮ ಹರಡಿದ ತಿರುಗುವ ತಟ್ಟೆಯ ಮೇಲೆ ಕೆಲವನ್ನೇ ಓಡಿಸಿ, ನಾನಾ ಕೋನಗಳಿಂದ ಹಿಡಿದು, ಮಹಾವಲಸೆಯಂತೆ ಕಾಣಿಸಿ, ಕೊನೆಗೆ ಅವನ್ನು ನದಿಯ ದಂಡೆಯಿಂದ ನೀರಿಗೆ ತಳ್ಳಲಾಯಿತು. ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿ 1982ರ ತನಿಖಾ ಕಾರ್ಯಕ್ರಮವೊಂದರಲ್ಲಿ ಇದನ್ನು ಬಯಲಿಗೆ ತಂದಿತು. ಅಷ್ಟರಲ್ಲಿ ಆ ಚಿತ್ರಕ್ಕೆ ಸಾಕ್ಷ್ಯಚಿತ್ರ ವಿಭಾಗದ ಆಸ್ಕರ್ ಸಂದು ಎರಡು ದಶಕ ಕಳೆದಿತ್ತು. ಲೆಮಿಂಗ್‌ಗಳು ಸಾಮೂಹಿಕ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂಬ ನಂಬಿಕೆ ಚಿತ್ರಕ್ಕಿಂತ ಹಳೆಯದು. ಅದನ್ನು ಕಣ್ಣಾರೆ ಕಂಡಂತೆ ಮಾಡಿದ್ದು ಈ ಚಿತ್ರ.

ಹಾಗಾದರೆ ಇಂದಿನದರಲ್ಲಿ ಹೊಸದೇನು? ಲೆಮಿಂಗ್ ಪ್ರಕರಣದಲ್ಲಿ ಸಂಗತಿಯೇ ಸುಳ್ಳು. ಇಂದಿನ ಅಬ್ಬರದ ಚಿತ್ರಗಳಲ್ಲಿ ಬಹುಪಾಲು ಸಂಗತಿಗಳು ಸರಿಯಾಗಿಯೇ ಇರುತ್ತವೆ. ಉಬ್ಬಿರುವುದು ಹೇಳುವ ಬಗೆ. ಫ್ಲಾಹರ್ಟಿ ಗುಡಿಸಿಲಿನ ಗೋಡೆ ತೆಗೆಸಿದ್ದು ಒಳಗಿನದನ್ನು ಕಾಣಿಸಲಿಕ್ಕೆ. ಈಗಿನ ನಿರೂಪಕ ದನಿ ತಗ್ಗಿಸಿ ‘ಆದರೆ...’ ಎಂದು ನಿಲ್ಲಿಸುವುದು ಗೊತ್ತಿರುವುದನ್ನು ಮುಚ್ಚಿಡಲಿಕ್ಕೆ. ಈ ಮುಚ್ಚಿಡುವಿಕೆ ಹುಟ್ಟಿದ ಜಾಗ ಜಾಹೀರಾತು.

ಅಮೆರಿಕದ ವಾಣಿಜ್ಯ ಟಿವಿಯಲ್ಲಿ ಒಂದು ಗಂಟೆಯ ಕಾರ್ಯಕ್ರಮವೆಂದರೆ ಸುಮಾರು 42ರಿಂದ 44 ನಿಮಿಷ, ಉಳಿದದ್ದು ಜಾಹೀರಾತು. ಆ 44 ನಿಮಿಷ ಹಲವು ತುಂಡುಗಳಾಗಿ ಹಂಚಿಹೋಗುತ್ತದೆ, ಒಂದೊಂದು ತುಂಡಿನ ಕೊನೆಯೂ ವಾಹಿನಿಗೆ ಗಂಡಾಂತರದ ಗಳಿಗೆ, ಏಕೆಂದರೆ ನೋಡುಗನ ಕೈ ರಿಮೋಟಿಗೆ ಹೋಗುವುದು ಆಗಲೇ. ಆದ್ದರಿಂದ ಪ್ರತಿ ವಿರಾಮಕ್ಕೆ ಮುಂಚೆ ಒಂದು ಕೊಕ್ಕೆ ಬೇಕು. ವಿರಾಮದ ನಂತರ ಹೊಸದಾಗಿ ಬಂದು ಸೇರಿದವರಿಗಾಗಿ ಈವರೆಗಿನ ಕಥೆಯನ್ನು ಮತ್ತೆ ಹೇಳಬೇಕು. ಶುರುವಿಗೇ ‘ಇಂದಿನ ಸಂಚಿಕೆಯಲ್ಲಿ’ ಎಂಬ ತುಣುಕು, ನಡುನಡುವೆ ‘ಮುಂದೆ ಬರಲಿದೆ’ ಎಂಬ ತುಣುಕು. ಇವನ್ನೆಲ್ಲ ಕಳೆದರೆ ನಿಜವಾದ ಮಾಹಿತಿಗೆ ಉಳಿಯುವ ಹೊತ್ತು ಎಷ್ಟೆಂಬುದನ್ನು ಗಡಿಯಾರ ಹಿಡಿದು ಕೂತ ಯಾರಾದರೂ ಎಣಿಸಬಹುದು.

ವಿಮಾನಾಪಘಾತದ ತನಿಖೆಯ ಕಾರ್ಯಕ್ರಮವೊಂದನ್ನು ಊಹಿಸಿಕೊಳ್ಳೋಣ. ‘ಅವಶೇಷಗಳ ನಡುವೆ ಸಿಕ್ಕ ಆ ಒಂದು ವಸ್ತು ಇಡೀ ತನಿಖೆಯ ದಿಕ್ಕನ್ನೇ ಬದಲಿಸಲಿತ್ತು’ ಎಂದು ನಿರೂಪಕ ಹೇಳುತ್ತಾನೆ, ಪರದೆ ಕಪ್ಪಾಗುತ್ತದೆ, ಸೋಪು, ಕಾರು, ಗೃಹಸಾಲ ಬಂದು ಹೋಗುತ್ತವೆ. ಮರಳಿದ ಮೇಲೆ ಬೆಂಕಿ ಹೊತ್ತಿದ ರೆಕ್ಕೆಯನ್ನು ಮತ್ತೊಮ್ಮೆ ತೋರಿಸಿ, ಪ್ರಯಾಣಿಕರ ಚೀರಾಟವನ್ನು ಮತ್ತೊಮ್ಮೆ ಕೇಳಿಸಿ, ಆಮೇಲೆ ಆ ವಸ್ತುವನ್ನು ತೋರಿಸುತ್ತಾರೆ: ಅದೊಂದು ಬೋಲ್ಟು. ಆ ಬೋಲ್ಟು ಏಕೆ ಮುರಿಯಿತು, ಲೋಹ ದಣಿದು ಬಿರುಕು ಬಿಡುವುದೆಂದರೇನು, ಬಿರುಕಿನ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ಹೇಗೆ ಓದುತ್ತಾರೆ ಎಂಬುದೇ ಅಲ್ಲಿನ ನಿಜವಾದ ಕುತೂಹಲದ ಕಥೆ. ಅದಕ್ಕೆ ಸಿಗುವುದು ಒಂದೆರಡು ವಾಕ್ಯ. ಕೊಕ್ಕೆಗೆ ಸಿಕ್ಕಿಸಿದ ಪ್ರಶ್ನೆ ‘ಏನು ಸಿಕ್ಕಿತು?’ ಎಂಬುದಾದ್ದರಿಂದ, ವಸ್ತು ಕಾಣಿಸಿದೊಡನೆ ಕಥೆ ಮುಗಿದಂತೆ, ‘ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆಗೆ ಕೊಕ್ಕೆಯಾಗುವ ಯೋಗ ಬರುವುದು ಅಪರೂಪ.

ಕಥೆ ಕೇಳಿಸುವ ಕಲೆಯಲ್ಲಿ ನಮ್ಮ ಹರಿಕಥೆ ದಾಸರಿಗೆ ಇಂಥ ಪರದಾಟ ಇರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. ರಾವಣ ಸಾಯುತ್ತಾನೋ ಇಲ್ಲವೋ ಎಂದು ತಿಳಿಯಲು ಯಾರೂ ಹರಿಕಥೆಗೆ ಹೋಗುವುದಿಲ್ಲ. ತಾಳಮದ್ದಳೆಯಲ್ಲಿ ಕರ್ಣನ ಗತಿ ಎಲ್ಲರಿಗೂ ಮೊದಲೇ ಗೊತ್ತು; ಆದರೂ ಬೆಳಗಿನವರೆಗೆ ಜನ ಕೂರುವುದು ಅರ್ಥಧಾರಿ ಅದನ್ನು ಹೇಗೆ ಕಟ್ಟುತ್ತಾನೆ ಎಂಬುದಕ್ಕಾಗಿ. ಕೊನೆಯನ್ನು ಬಚ್ಚಿಡದೆಯೂ ಕೇಳುಗನನ್ನು ಹಿಡಿದಿಡಬಹುದೆಂಬುದು ನಮಗೆ ಹೊಸ ಸಂಗತಿಯಲ್ಲ.

ಜಾಹೀರಾತಿನ ಗಣಿತ ಒಮ್ಮೊಮ್ಮೆ ಒಳ್ಳೆಯದನ್ನೂ ಹುಟ್ಟಿಸಿದೆ. ಬಿಬಿಸಿಯ 2006ರ ‘ಪ್ಲಾನೆಟ್ ಅರ್ತ್’ ಸರಣಿಯ ಒಂದೊಂದು ಕಂತೂ ಹೊರದೇಶಗಳ ವಾಣಿಜ್ಯ ವಾಹಿನಿಗಳಿಗೆ ಹೊಂದುವಂತೆ ಸುಮಾರು 48 ನಿಮಿಷದ್ದು. ಜಾಹೀರಾತಿಲ್ಲದ ಬಿಬಿಸಿಯ ಸ್ವಂತ ವಾಹಿನಿಯಲ್ಲಿ ಗಂಟೆ ತುಂಬಲು ಇನ್ನೂ ಹತ್ತು ನಿಮಿಷ ಬೇಕಾಯಿತು. ಅಲ್ಲಿ ಚಿತ್ರೀಕರಣದ ಹಿಂದಿನ ಕಥೆ ಬಂತು. ಛಾಯಾಗ್ರಾಹಕ ವಾರಗಟ್ಟಲೆ ಅಡಗುದಾಣದಲ್ಲಿ ಕೂತು ಏನೂ ಸಿಗದೆ ಸಪ್ಪೆ ಮೋರೆ ಹಾಕಿಕೊಂಡಿರುವುದನ್ನು ನೋಡುಗರು ಕಂಡದ್ದು ಅಲ್ಲೇ. ನನ್ನ ಮಟ್ಟಿಗಂತೂ ಅಂಥ ಹತ್ತು ನಿಮಿಷಗಳು ಎಷ್ಟೋ ಸಲ ಮುಖ್ಯ ಕಂತಿಗಿಂತ ಹೆಚ್ಚು ಸಾಕ್ಷ್ಯ ನುಡಿದಿವೆ.

ಇನ್ನು ದನಿ. 1979ರ ‘ಲೈಫ್ ಆನ್ ಅರ್ತ್’ ಸರಣಿಯಲ್ಲಿ ಬ್ರಿಟನ್ನಿನ ವನ್ಯಜೀವಿ ನಿರೂಪಕ ಡೇವಿಡ್ ಅಟೆನ್‌ಬರೋ ರುವಾಂಡಾದ ಕಾಡಿನಲ್ಲಿ ಪರ್ವತ ಗೊರಿಲ್ಲಾಗಳ ನಡುವೆ ಕೂತು ಪಿಸುಗುಟ್ಟಿದ್ದು ನಾಟಕಕ್ಕಲ್ಲ, ಗೊರಿಲ್ಲಾಗಳು ಪಕ್ಕದಲ್ಲೇ ಇದ್ದವೆಂಬ ಕಾರಣಕ್ಕೆ. ಆ ಪಿಸುಮಾತಿನ ಹಿಂದಿನ ಕಾರಣವನ್ನು ಬಿಟ್ಟು ಪಿಸುಮಾತನ್ನಷ್ಟೇ ಎತ್ತಿಕೊಂಡವರು ಮುಂದೆ ಬಹಳ ಮಂದಿ ಬಂದರು. ಹಾಗೆಂದು ನೀರಸವಾದದ್ದೆಲ್ಲ ಪ್ರಾಮಾಣಿಕವೆಂದೂ ಅಲ್ಲ. 1948ರಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಷನ್ನಿನ ಚಿತ್ರಗಳನ್ನು ನಮ್ಮ ಚಿತ್ರಮಂದಿರಗಳು ಮುಖ್ಯ ಸಿನಿಮಾಕ್ಕೆ ಮುಂಚೆ ಕಡ್ಡಾಯವಾಗಿ ತೋರಿಸುತ್ತಿದ್ದ ಕಾಲದಲ್ಲಿ, ಇಸ್ತ್ರಿ ಹಾಕಿದಂತಿದ್ದ ಆ ಗಂಭೀರ ದನಿ ಸರ್ಕಾರದ ಮಾತನ್ನೇ ಪ್ರಕೃತಿ ನಿಯಮದಂತೆ ಹೇಳುತ್ತಿತ್ತು. ಜನ ಆ ಹೊತ್ತನ್ನು ಕಡಲೆಕಾಯಿ ಕೊಳ್ಳಲು ಬಳಸುತ್ತಿದ್ದರು.

ಕನ್ನಡ ಟಿವಿಯ ದನಿಗೆ ತನ್ನದೇ ಒಂದು ವಿಶೇಷವಿದೆ. ಕನ್ನಡದ ಸಹಜ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಅಂದರೆ ವಾಕ್ಯ ಮುಗಿಯುವವರೆಗೆ ಕಾಯಿಸುವ ಗುಣ ಭಾಷೆಯಲ್ಲೇ ಇದೆ. ಅಬ್ಬರದ ನಿರೂಪಣೆಗೆ ಅಷ್ಟು ಕಾಯುವಿಕೆ ಸಾಲದು. ಅದು ಕ್ರಿಯಾಪದವನ್ನು ಮುಂದಕ್ಕೆ ಎಳೆದು ‘ಬಯಲಾಯ್ತು ಭೀಕರ ಸತ್ಯ’, ‘ಬಿಚ್ಚಿಟ್ಟರು ಆ ರಾತ್ರಿಯ ರಹಸ್ಯ’ ಎಂದು ಸಿಡಿಸುತ್ತದೆ, ಇಲ್ಲವೇ ‘ಅಷ್ಟಕ್ಕೂ ಅಲ್ಲಿ ನಡೆದಿದ್ದಾದರೂ ಏನು?’ ಎಂದು ಎಳೆಯುತ್ತದೆ. ಅಪರಾಧದ ಕಾರ್ಯಕ್ರಮಗಳಲ್ಲಿ ಬೇರೂರಿದ ಈ ವಾಕ್ಯಗಳು ಈಗ ದೇವಸ್ಥಾನದ ಇತಿಹಾಸ ಹೇಳುವ ಯೂಟ್ಯೂಬ್ ವಿಡಿಯೊಗಳಲ್ಲೂ, ಅಣೆಕಟ್ಟಿನ ಬಗೆಗಿನ ವಿಡಿಯೊಗಳಲ್ಲೂ ಕೇಳಿಬರುತ್ತವೆ. ಶಾಸನವೊಂದರಲ್ಲಿ ದಾನದ ವಿವರವಿದ್ದರೆ ಅದೂ ‘ಬೆಚ್ಚಿಬೀಳಿಸುವ’ ವಿವರವಾಗುತ್ತದೆ.

ಸಂಗೀತದ ಪ್ರಭಾವ ಊಹೆಯ ಮಾತಲ್ಲ, ಅಳೆದು ನೋಡಿರುವ ಸಂಗತಿ. ಅಮೆರಿಕದ ಸಂಶೋಧಕರ ತಂಡವೊಂದು 2016ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದುದು. ಶಾರ್ಕ್‌ಗಳು ಈಜುತ್ತಿರುವ 60 ಸೆಕೆಂಡಿನ ಒಂದೇ ತುಣುಕನ್ನು ಕೆಲವರಿಗೆ ಭಯ ಹುಟ್ಟಿಸುವ ಸಂಗೀತದೊಡನೆ, ಕೆಲವರಿಗೆ ಉಲ್ಲಾಸದ ಸಂಗೀತದೊಡನೆ, ಕೆಲವರಿಗೆ ನಿಶ್ಶಬ್ದವಾಗಿ ತೋರಿಸಲಾಯಿತು. ಶಾರ್ಕ್ ಯಾರನ್ನೂ ಕಚ್ಚುವುದಿಲ್ಲ, ಅಟ್ಟಿಸಿಕೊಂಡು ಹೋಗುವುದಿಲ್ಲ, ಸುಮ್ಮನೆ ಈಜುತ್ತದೆ. ಆದರೂ ಭಯದ ಸಂಗೀತ ಕೇಳಿದವರು ಶಾರ್ಕ್‌ಗಳ ಬಗ್ಗೆ ಉಳಿದ ಎರಡು ಗುಂಪಿನವರಿಗಿಂತ ಕೆಟ್ಟ ಅಭಿಪ್ರಾಯ ಕೊಟ್ಟರು. ಗಮನಿಸಬೇಕಾದದ್ದೇನೆಂದರೆ, ಇಲ್ಲಿ ಒಂದೇ ಒಂದು ಸುಳ್ಳು ವಾಕ್ಯವನ್ನೂ ಯಾರೂ ಹೇಳಿರಲಿಲ್ಲ. ಚಿತ್ರಕಥೆಯನ್ನು ಪರಿಶೀಲಿಸುವ ವಿಷಯತಜ್ಞ ಒಂದೊಂದು ಸಾಲಿಗೂ ಸರಿ ಎಂದು ಸಹಿ ಹಾಕಬಹುದು. ತಪ್ಪು ತಿಳಿವಳಿಕೆ ಅವನ ಸಹಿಯ ಪಕ್ಕದಿಂದಲೇ ನುಸುಳಿಹೋಗುತ್ತದೆ.

ಸಂಕಲನದ ಶಕ್ತಿ ಇದಕ್ಕಿಂತ ಹೆಚ್ಚು. 2007ರಲ್ಲಿ ಬ್ರಿಟನ್ನಿನ ರಾಣಿಯ ಕುರಿತ ಸಾಕ್ಷ್ಯಚಿತ್ರದ ಟ್ರೇಲರನ್ನು ಬಿಬಿಸಿ ಪತ್ರಕರ್ತರಿಗೆ ತೋರಿಸಿತು. ಛಾಯಾಗ್ರಾಹಕಿ ಆನಿ ಲೀಬೊವಿಟ್ಜ್ ಕಿರೀಟ ತೆಗೆದರೆ ಚೆನ್ನ ಎಂದು ಸೂಚಿಸುತ್ತಾರೆ. ಮರುಕ್ಷಣದಲ್ಲೇ ರಾಣಿ ಸಿಡುಕಿಕೊಂಡು ನಡೆದುಹೋಗುತ್ತಾರೆ. ನಿಜದಲ್ಲಿ ರಾಣಿ ಆ ಉಡುಪಿನ ಬಗ್ಗೆ ಗೊಣಗುತ್ತಾ ನಡೆದದ್ದು ಚಿತ್ರೀಕರಣಕ್ಕೆ ಬರುವಾಗ, ಕಿರೀಟದ ಮಾತು ಬರುವುದಕ್ಕೆ ಮೊದಲು. ಎರಡು ತುಣುಕುಗಳೂ ಅಸಲಿ, ಅವುಗಳ ಕ್ರಮ ಮಾತ್ರ ಹಿಂದುಮುಂದು. ಬಿಬಿಸಿ ಕ್ಷಮೆ ಕೇಳಿತು, ಬಿಬಿಸಿ ಒನ್ ವಾಹಿನಿಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು.

2016ರ ‘ಪ್ಲಾನೆಟ್ ಅರ್ತ್ 2’ರಲ್ಲಿ ಗಲಾಪಗಸ್‌ನ ಫರ್ನಾಂಡಿನಾ ದ್ವೀಪದ ಇಗ್ವಾನಾ ಎಂಬ ಉಡದಂಥ ಪ್ರಾಣಿಯ ಮರಿಯೊಂದು ಮರಳಿನಿಂದ ಎದ್ದು, ಬಂಡೆಯ ಸಂದುಗಳಿಂದ ಹೊರಬೀಳುವ ಹತ್ತಾರು ಹಾವುಗಳ ನಡುವೆ ಓಡಿ ಪಾರಾಗುವ ದೃಶ್ಯವನ್ನು ಅಂತರ್ಜಾಲದಲ್ಲಿ ಕೋಟ್ಯಂತರ ಜನ ನೋಡಿದ್ದಾರೆ. ಅದು ಒಂದೇ ಮರಿಯಲ್ಲ, ಬೇರೆಬೇರೆ ಮರಿಗಳ ಓಟವನ್ನು ಹೊಲಿದದ್ದು ಎಂದು ನಿರ್ಮಾಪಕಿ ಆಮೇಲೆ ಹೇಳಿದರು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಇಗ್ವಾನಾ ಮರಿಗಳು ಹಾಗೆ ಓಡುವುದು ನಿಜ, ಹಾವುಗಳು ಹಾಗೆ ಹೊಂಚುಹಾಕುವುದು ನಿಜ, ಕದಲದೆ ನಿಂತ ಮರಿಯನ್ನು ಹಾವು ಗುರುತಿಸದೆ ಹೋಗುವುದೂ ನಿಜ. ಹೊಲಿಗೆ ಅಲ್ಲಿ ಜಾತಿಯೊಂದರ ಅನುಭವವನ್ನು ಒಂದು ದೇಹಕ್ಕೆ ಇಳಿಸಿದೆ. ರಾಣಿಯ ಟ್ರೇಲರಿನಲ್ಲಿ ಹೊಲಿಗೆ ನಡೆಯದ ಘಟನೆಯನ್ನು ಹುಟ್ಟಿಸಿತು.

ಸದ್ದುಗಳ ವಿಷಯ ಬೇಗ ಹೇಳಿ ಮುಗಿಸಬಹುದು. ವನ್ಯಜೀವಿ ಚಿತ್ರಗಳಲ್ಲಿ ಕೇಳುವ ಹೆಜ್ಜೆ ಸಪ್ಪಳ, ರೆಕ್ಕೆಯ ಪಟಪಟ, ಮೂಳೆ ಮುರಿಯುವ ಸದ್ದು ಇವುಗಳಲ್ಲಿ ಹೆಚ್ಚಿನವು ಸ್ಟುಡಿಯೊದಲ್ಲಿ ಸೇರಿಸಿದವು. ಟೆಲಿಫೋಟೊ ಲೆನ್ಸು ಅರ್ಧ ಕಿಲೋಮೀಟರ್ ದೂರದ ಜಿಂಕೆಯನ್ನು ಹತ್ತಿರ ತರುತ್ತದೆ, ಮೈಕಿಗೆ ಆ ಶಕ್ತಿಯಿಲ್ಲ. ಸದ್ದಿಲ್ಲದ ಜಿಂಕೆ ಇನ್ನೂ ಕೃತಕವಾಗಿ ಕಾಣುತ್ತದೆ ಎಂಬುದು ಅದನ್ನು ಮಾಡುವವರ ಸಮರ್ಥನೆ, ಅದನ್ನು ತಳ್ಳಿಹಾಕುವುದು ಸುಲಭವಲ್ಲ.

ಇಂದಿನ ಅಪರಾಧ ಸರಣಿಗಳಲ್ಲಿ ಅತಿಯಾಗಿ ಸವೆದ ಉಪಕರಣವೆಂದರೆ ನಟರಿಂದ ಮಾಡಿಸುವ ಮರುಸೃಷ್ಟಿ. ಮಂದಗತಿಯಲ್ಲಿ ಬೀಳುವ ಗಾಜಿನ ಲೋಟ, ಮಂಜು ಮುಸುಕಿದ ರಸ್ತೆ, ಮುಖ ಕಾಣದ ಮನುಷ್ಯನ ಬೂಟು. ಇದರ ವಂಶವೃಕ್ಷದ ಬುಡದಲ್ಲಿ ಎರೋಲ್ ಮೋರಿಸ್ ಅವರ 1988ರ ‘ದಿ ಥಿನ್ ಬ್ಲೂ ಲೈನ್’ ಇದೆ. 1976ರಲ್ಲಿ ಡಲ್ಲಾಸ್ ನಗರದಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಕೊಲೆಯಾಗಿ, ರ‍್ಯಾಂಡಲ್ ಆ್ಯಡಮ್ಸ್ ಎಂಬವರಿಗೆ ಶಿಕ್ಷೆಯಾಗಿತ್ತು. ಮೋರಿಸ್ ಆ ರಾತ್ರಿಯನ್ನು ನಟರಿಂದ ಮತ್ತೆಮತ್ತೆ ಮಾಡಿಸಿ ತೋರಿಸಿದರು, ಗಾಳಿಯಲ್ಲಿ ತಿರುಗುತ್ತಾ ಬೀಳುವ ಮಿಲ್ಕ್‌ಶೇಕ್ ಲೋಟವೂ ಅದರಲ್ಲಿತ್ತು, ಫಿಲಿಪ್ ಗ್ಲಾಸ್ ಅವರ ಸಂಗೀತವೂ ಇತ್ತು. ಆದರೆ ಒಂದೊಂದು ಸಲವೂ ದೃಶ್ಯ ಸ್ವಲ್ಪ ಬೇರೆಯಾಗಿರುತ್ತಿತ್ತು, ಏಕೆಂದರೆ ಒಬ್ಬೊಬ್ಬ ಸಾಕ್ಷಿ ಹೇಳಿದ್ದು ಬೇರೆಬೇರೆ. ಕಾರಿನೊಳಗೆ ಒಬ್ಬರಿದ್ದರೋ ಇಬ್ಬರಿದ್ದರೋ ಎಂಬುದೂ ಬದಲಾಗುತ್ತಿತ್ತು. ಹಾಗೆ ನೋಡುತ್ತ ನೋಡುತ್ತ ಪ್ರೇಕ್ಷಕನಿಗೆ ಹೊಳೆಯುವುದು ಕೊಲೆ ಹೇಗೆ ನಡೆಯಿತೆಂಬುದಲ್ಲ, ಸಾಕ್ಷಿಗಳ ಮಾತು ಎಷ್ಟು ಟೊಳ್ಳು ಎಂಬುದು. ಪ್ರಕರಣ ಮತ್ತೆ ತೆರೆಯಿತು, 1989ರಲ್ಲಿ ಆ್ಯಡಮ್ಸ್ ಬಿಡುಗಡೆಯಾದರು. ಮರುಸೃಷ್ಟಿಯನ್ನು ಸಂಶಯ ಹುಟ್ಟಿಸಲು ಬಳಸಿದ ಚಿತ್ರವದು. ಅದರಿಂದ ಕಲಿತವರಲ್ಲಿ ಹೆಚ್ಚಿನವರು ಲೋಟವನ್ನು ಎತ್ತಿಕೊಂಡು ಸಂಶಯವನ್ನು ಅಲ್ಲೇ ಬಿಟ್ಟರು. ಈಗ ಮರುಸೃಷ್ಟಿಯೆಂದರೆ ಹೀಗೇ ನಡೆಯಿತು ಎಂಬ ಮುದ್ರೆ.

ಇದೇ ದಾರಿಯ ಕೊನೆಯಲ್ಲಿ 2012ರ ‘ಮರ್ಮೇಡ್ಸ್: ದಿ ಬಾಡಿ ಫೌಂಡ್’ ಇದೆ. ಆ್ಯನಿಮಲ್ ಪ್ಲಾನೆಟ್ ವಾಹಿನಿಯ ಈ ಕಾರ್ಯಕ್ರಮದಲ್ಲಿ ನಟರೇ ವಿಜ್ಞಾನಿಗಳಾಗಿ ಕುರ್ಚಿಯಲ್ಲಿ ಕೂತು ಮತ್ಸ್ಯಕನ್ಯೆಯರ ಶವದ ಬಗ್ಗೆ ಗಂಭೀರವಾಗಿ ಮಾತಾಡಿದರು. ಕಡೆಗೆ ಅಮೆರಿಕ ಸರ್ಕಾರದ ಸಾಗರ ಸಂಸ್ಥೆ, ಜಲಮಾನವರು ಇರುವುದಕ್ಕೆ ಪುರಾವೆ ಎಂದೂ ಸಿಕ್ಕಿಲ್ಲ ಎಂದು ಪ್ರಕಟಣೆ ಹೊರಡಿಸಬೇಕಾಯಿತು. ಕಟ್ಟುಕಥೆ ಅಷ್ಟು ಜನರನ್ನು ನಂಬಿಸಿದ್ದು ಅದರ ಜಾಣ್ಮೆಯಿಂದಲ್ಲ. ಅಸಲಿ ಸಾಕ್ಷ್ಯಚಿತ್ರಗಳು ಅಷ್ಟರಲ್ಲಿ ಕಟ್ಟುಕಥೆಯ ವೇಷವನ್ನೇ ತೊಟ್ಟಿದ್ದವು; ಇವೆರಡನ್ನೂ ಬೇರ್ಪಡಿಸುವ ಗುರುತು ನೋಡುಗನ ಕಣ್ಣಿಗೆ ಉಳಿದಿರಲಿಲ್ಲ.

ಓಟಿಟಿ ವೇದಿಕೆಗಳು ಬಂದಾಗ ಜಾಹೀರಾತು ಇಲ್ಲದ ಕಾರಣ ಅಬ್ಬರ ತಗ್ಗಬಹುದೆಂದು ಎಣಿಸಿದವರಿದ್ದರು. ಆದದ್ದು ಬೇರೆ. ವಿರಾಮದ ಅಂಚಿಗಿದ್ದ ಕೊಕ್ಕೆ ಕಂತಿನ ಅಂಚಿಗೆ ಸರಿಯಿತು. ಮುಂದಿನ ಕಂತು ತಾನಾಗಿಯೇ ಶುರುವಾಗುವ ಮೊದಲಿನ ಆ ಕೆಲವು ಸೆಕೆಂಡುಗಳೇ ಈಗಿನ ಗಂಡಾಂತರದ ಗಳಿಗೆ. ತೊಂಬತ್ತು ನಿಮಿಷದಲ್ಲಿ ಮುಗಿಯಬಹುದಾದ ವಿಷಯ ನಾಲ್ಕು ಕಂತಿಗೆ ಹಿಗ್ಗುತ್ತದೆ, ಮುಖ್ಯವಾದ ಒಂದು ಸಂಗತಿಯನ್ನು ಮೂರನೆಯ ಕಂತಿನವರೆಗೆ ತಡೆಹಿಡಿಯುತ್ತಾರೆ.

ನಮ್ಮ ನೆಲದ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಕಲ್ಯಾಣ್ ವರ್ಮ ಮತ್ತು ಅಮೋಘವರ್ಷ ಅವರ ‘ವೈಲ್ಡ್ ಕರ್ನಾಟಕ’ 2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ ಬಂತು. ಅದರ ಇಂಗ್ಲಿಷ್ ನಿರೂಪಣೆಗಾಗಿ ಅಟೆನ್‌ಬರೋ ಅವರಿಗೆ ರಾಷ್ಟ್ರಪ್ರಶಸ್ತಿಯೂ ಸಂದಿತು. ಅದರಲ್ಲೂ ಸಂಗೀತ ದಟ್ಟವಾಗಿದೆ, ಮಂದಗತಿಯೂ ಬೇಕಾದಷ್ಟಿದೆ. ಆದರೆ ಅಲ್ಲಿ ಹುಲಿ ಹುಲಿಯಾಗಿಯೇ, ಕಪ್ಪೆ ಕಪ್ಪೆಯಾಗಿಯೇ ನಡೆದುಕೊಳ್ಳುತ್ತದೆ. ಅದೇ ತಿಂಗಳು ಬಂಡೀಪುರದಲ್ಲಿ, ಕಾಡಿನ ಸಾಹಸ ಕಾರ್ಯಕ್ರಮಗಳ ಬೇರ್ ಗ್ರಿಲ್ಸ್ ಅವರೊಡನೆ ರಜನಿಕಾಂತ್ ಚಿತ್ರೀಕರಣ ನಡೆಯಿತು. ಅಲ್ಲಿ ಕಾಡು ಸೆಟ್ಟಾಯಿತು. ಸೋಲಿಗರಿಗೆ ದಿನನಿತ್ಯದ ದಾರಿಯಾಗಿರುವ ಕಾಡು ಕ್ಯಾಮೆರಾ ಬಂದೊಡನೆ ಹೆಜ್ಜೆಹೆಜ್ಜೆಗೂ ಸಾವು ಕಾದಿರುವ ಜಾಗವಾಗಿಬಿಡುವುದು ಈ ಬಗೆಯ ಕಾರ್ಯಕ್ರಮಗಳ ಹಣೆಬರಹ.

ನಾಟಕೀಯತೆಯೇ ಬೇಡವೆಂದರೆ ಕ್ಲಾಡ್ ಲಾಂಝ್ಮನ್ ಅವರ 1985ರ ‘ಶೋಆ’ವನ್ನೂ ಕೈಬಿಡಬೇಕಾಗುತ್ತದೆ. ನಾಜಿಗಳು ನಡೆಸಿದ ಯಹೂದಿಗಳ ನರಮೇಧದ ಕುರಿತ, ಒಂಬತ್ತು ಗಂಟೆಗೂ ಮೀರಿದ ಆ ಚಿತ್ರದಲ್ಲಿ ಹಳೆಯ ಯುದ್ಧದ ತುಣುಕುಗಳಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಆದರೆ ಸಜ್ಜುಗೊಳಿಸಿದ ದೃಶ್ಯವಿದೆ. ಟ್ರೆಬ್ಲಿಂಕಾ ಶಿಬಿರದಲ್ಲಿ ಸಾಯಲು ಬಂದ ಹೆಂಗಸರ ಕೂದಲು ಕತ್ತರಿಸುವ ಕೆಲಸಕ್ಕೆ ಹಚ್ಚಲ್ಪಟ್ಟಿದ್ದ ಏಬ್ರಹಾಂ ಬೋಂಬಾ ಎಂಬ ಕ್ಷೌರಿಕರನ್ನು ಲಾಂಝ್ಮನ್ ಇಸ್ರೇಲಿನ ಒಂದು ಬಾಡಿಗೆಯ ಕ್ಷೌರದಂಗಡಿಯಲ್ಲಿ ಮಾತಾಡಿಸುತ್ತಾರೆ. ನಿವೃತ್ತರಾಗಿದ್ದ ಬೋಂಬಾ ಅವರ ಕೈಗೆ ಕತ್ತರಿ ಕೊಟ್ಟು, ಪರಿಚಿತನೊಬ್ಬನನ್ನು ಗಿರಾಕಿಯಾಗಿ ಕೂರಿಸಿರುತ್ತಾರೆ. ಬೋಂಬಾ ಕತ್ತರಿ ಆಡಿಸುತ್ತಾ, ವರದಿ ಒಪ್ಪಿಸುವವರಂತೆ ಹೇಳುತ್ತಾ ಹೋಗುತ್ತಾರೆ. ತಮ್ಮ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಬ್ಬ ಕ್ಷೌರಿಕನ ಹೆಂಡತಿಯೂ ತಂಗಿಯೂ ಆ ಕೋಣೆಯೊಳಗೆ ಬಂದ ದಿನಕ್ಕೆ ಮಾತು ಬಂದಾಗ ಅವರ ದನಿ ನಿಲ್ಲುತ್ತದೆ. ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ, ತಲೆಯಾಡಿಸುತ್ತಾರೆ, ಸಾಧ್ಯವಿಲ್ಲ ಎನ್ನುತ್ತಾರೆ. ಯಾವ ವಾದ್ಯವೂ ಮೊಳಗುವುದಿಲ್ಲ, ಪರದೆ ಕಪ್ಪಾಗುವುದಿಲ್ಲ. ಕ್ಯಾಮೆರಾ ಅವರ ಮುಖದ ಮೇಲೆಯೇ ನಿಂತಿರುತ್ತದೆ, ಅವರು ಮತ್ತೆ ಬಾಯಿ ತೆರೆಯುವವರೆಗೆ.